ಮ ಅಂದರೆ ಮಂಡ್ಯ: ದೊಡ್ಡವರಿಗೆ ಓದು ಬರಹ ಕಲಿಸುವ ಬಗೆ

ನಾನು ಒಂದನೇ ಕ್ಲಾಸಿನ ಟೀಚರ್. ಮಳವಳ್ಳಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 22 ವರ್ಷದಿಂದ ಇದ್ದೇನೆ. ಆರು ವರ್ಷದ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವುದು ನನ್ನ ಕೆಲಸ. ಮೂರು ವರ್ಷದಿಂದ ಅದೇ ಊರಿನ ಅಕ್ಕಂದಿರಿಗೆ ರಾತ್ರಿ ಹೊತ್ತು ಓದು ಬರಹ ಹೇಳಿಕೊಡುತ್ತಿದ್ದೇನೆ. ಇಂಥ ಕ್ಲಾಸು ನಡೆಸಬೇಕು ಅನ್ನುವ ಆಸೆ ಇರುವವರು ಆಗಾಗ ಸಿಗುತ್ತಾರೆ. ನಿವೃತ್ತರಾದ ಮೇಷ್ಟ್ರುಗಳು, ಕಾಲೇಜು ಹುಡುಗಿಯರು, ಮನೆಕೆಲಸಕ್ಕೆ ಬರುವ ಅಕ್ಕನಿಗೆ ನಾಲ್ಕಕ್ಷರ ಕಲಿಸಬೇಕು ಅಂದುಕೊಂಡವರು. ಎಲ್ಲರೂ ಕೇಳುವುದು ಒಂದೇ: ಎಲ್ಲಿಂದ ಶುರು ಮಾಡಬೇಕು? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಎಲ್ಲಿಂದ ಶುರು ಮಾಡಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ನಲಿ-ಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಅದರಲ್ಲಿ ಅ ಆ ಇ ಈ ಇಂದ ಶುರು ಮಾಡುವುದಿಲ್ಲ. ಬರೆಯಲು ಸುಲಭವಾದ, ಆಕಾರದಲ್ಲಿ ಒಂದಕ್ಕೊಂದು ಹತ್ತಿರವಿರುವ ಅಕ್ಷರಗಳಿಂದ ಶುರು: ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಮಕ್ಕಳು ಅರಸ, ಅಗಸ, ಸರ, ಗರಗಸ ಅಂತ ಓದುತ್ತವೆ. ಓದಿ ಕುಣಿಯುತ್ತವೆ. ಅದು ಬಹಳ ಚೆಂದದ ಪದ್ಧತಿ, ನಾನು ಇವತ್ತಿಗೂ ಮೆಚ್ಚುತ್ತೇನೆ.

ಅದನ್ನೇ ಅಕ್ಕಂದಿರಿಗೂ ಹಚ್ಚಿದೆ. ಅದೇ ಚಾರ್ಟು, ಅದೇ ಹಾಡು, ಅದೇ ಕಾರ್ಡು. ಮೊದಲ ದಿನ 17 ಜನ ಬಂದಿದ್ದರು. ನಾಲ್ಕನೇ ದಿನಕ್ಕೆ ಆರು ಜನ ಉಳಿದರು. ಬರದೇ ಹೋದ ಒಬ್ಬ ಅಕ್ಕ ಮಾರನೇ ದಿನ ಡೈರಿ ಹತ್ತಿರ ಸಿಕ್ಕರು. ಕೈಯಲ್ಲಿ ಹಾಲಿನ ಕ್ಯಾನು. ನಾನೇ ಮಾತಾಡಿಸಿದೆ. ಅವರು ಬೇಜಾರು ಮಾಡಬಾರದು ಅಂತ ಮೆತ್ತಗೆ ಹೇಳಿದರು: "ನೀವು ಹೇಳ್ಕೊಡೋದು ಚೆನ್ನಾಗೈತೆ ಮಿಸ್ಸು. ಆದ್ರೆ ಗರಗಸ ಓದ್ಕಂಡು ನಾನೇನ್ ಮಾಡ್ಲವ್ವ? ನಂಗೆ ಬಸ್ಸಿನ್ ಬೋರ್ಡ್ ಓದಕ್ ಬಂದ್ರೆ ಸಾಕಾಗಿತ್ತು."

ಅಷ್ಟು ವರ್ಷದ ಕೆಲಸದಲ್ಲಿ ಒಂದು ಮಗುವೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಗರಗಸ ಯಾಕೆ ಅಂತ ಮಗು ಕೇಳುವುದಿಲ್ಲ. ಟೀಚರ್ ಹೇಳಿದರು, ಪಕ್ಕದವನು ಓದಿದ, ನಾನೂ ಓದಬೇಕು, ಅಷ್ಟೇ. ಇವತ್ತು ಕಲಿತದ್ದು ಮುಂದೆ ಯಾವತ್ತೋ ಉಪಯೋಗಕ್ಕೆ ಬರುತ್ತದೆ ಅಂತ ಮಗುವಿನ ಪರವಾಗಿ ನಾವು ನಂಬಿಕೊಂಡಿರುತ್ತೇವೆ. ದೊಡ್ಡವರಿಗೆ 'ಮುಂದೆ' ಅನ್ನುವುದು ನಡೆಯುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಹಾಲು ಕರೆದು, ಹೊಲದಲ್ಲಿ ಬಗ್ಗಿ ಕೆಲಸ ಮಾಡಿ, ಸಂಜೆ ಮುದ್ದೆ ತಿರುವಿ, ಎಲ್ಲರಿಗೂ ಬಡಿಸಿ, ಆಮೇಲೆ ಉಳಿದ ಒಂದು ಗಂಟೆಯನ್ನು ಅವರು ನಮಗೆ ಕೊಡುತ್ತಿದ್ದಾರೆ. ಆ ಗಂಟೆಗೆ ಏನು ಸಿಕ್ಕಿತು ಅನ್ನುವ ಲೆಕ್ಕ ಅವರಿಗೆ ಆವತ್ತೇ ಬೇಕು.

ಆಮೇಲೆ ನಾನು ಇದರ ಬಗ್ಗೆ ಓದಿದೆ. ದೊಡ್ಡವರ ಕಲಿಕೆ ಬೇರೆ ರೀತಿಯದು ಅನ್ನುವುದಕ್ಕೆ ಜರ್ಮನಿಯ ಅಲೆಕ್ಸಾಂಡರ್ ಕಾಪ್ ಎಂಬ ಶಿಕ್ಷಕರು 1833ರಲ್ಲೇ 'ಆಂಡ್ರಗಾಜಿ' ಅಂತ ಒಂದು ಹೆಸರು ಕೊಟ್ಟಿದ್ದರಂತೆ. ಅಮೆರಿಕದ ಮಾಲ್ಕಮ್ ನೋಲ್ಸ್ 1970ರ ಆಸುಪಾಸಿನಲ್ಲಿ ಆ ಮಾತನ್ನು ಎಲ್ಲೆಡೆ ಹರಡಿದರು. ದೊಡ್ಡವರು ಯಾಕೆ ಕಲಿಯಬೇಕು ಅಂತ ಮೊದಲು ತಿಳಿಯಬಯಸುತ್ತಾರೆ, ತಮ್ಮ ಅನುಭವವನ್ನು ಜೊತೆಗೇ ತರುತ್ತಾರೆ, ಬದುಕಿನಲ್ಲಿ ಎದುರಾದ ಕೆಲಸಕ್ಕಾಗಿ ಕಲಿಯುತ್ತಾರೆ ಅಂತ ಅವರ ಮಾತು. ನನಗೆ ಇದನ್ನು ಹಾಲಿನ ಡೈರಿ ಮುಂದೆ ಆ ಅಕ್ಕ ಹೇಳಿಕೊಟ್ಟಿದ್ದರು.

ಮೊದಲ ವಾರ ಪಾಠ ಬೇಡ

ನೀವು ಕ್ಲಾಸು ಶುರು ಮಾಡುವುದಾದರೆ ಮೊದಲ ವಾರ ಸ್ಲೇಟು ಮುಟ್ಟಬೇಡಿ. ಒಂದು ನೋಟ್ ಪುಸ್ತಕ ಹಿಡಿದು ಮನೆಮನೆಗೆ ಹೋಗಿ. ಜಗಲಿ ಮೇಲೆ ಕೂತು ಮಾತಾಡಿ. "ಓದಕ್ಕೆ ಬರದೇ ಇದ್ದದ್ದರಿಂದ ಎಲ್ಲಿ ತೊಂದರೆ ಆಯ್ತು?" ಅಂತ ಕೇಳಿ. "ಯಾಕೆ ಕಲಿಯಬೇಕು ಅಂತಿದ್ದೀರಿ?" ಅಂತ ಕೇಳಿದರೆ ಎಲ್ಲರೂ ಭಾಷಣದ ಮಾತು ಹೇಳುತ್ತಾರೆ, ವಿದ್ಯೆ ಇಲ್ಲದವರು ಹದ್ದಿಗಿಂತ ಕಡೆ ಅಂತೆಲ್ಲ. ಎಲ್ಲಿ ತೊಂದರೆ ಆಯ್ತು ಅಂತ ಕೇಳಿದರೆ ನಿಜವಾದ ಕಥೆ ಬರುತ್ತದೆ. ಗುಂಪಿನಲ್ಲಿ ಕೇಳಬೇಡಿ. ಸೊಸೆಯ ಮುಂದೆ ಅತ್ತೆ ಹೇಳುವುದಿಲ್ಲ, ಅತ್ತೆಯ ಮುಂದೆ ಸೊಸೆ ಹೇಳುವುದಿಲ್ಲ.

ನನ್ನ ನೋಟ್ ಪುಸ್ತಕದಲ್ಲಿ ಬಂದದ್ದು ಇವು. ಬಸ್ಸಿನ ಬೋರ್ಡು. ಸಂಘದ ಪುಸ್ತಕದಲ್ಲಿ ತಾನು ಕಟ್ಟಿದ ಕಂತು ಬರೆದಿದ್ದಾರೋ ಇಲ್ಲವೋ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ಹಿಂದೆ ನಿಂತವರು ನೋಡುವ ನೋಟ. ಫೋನಿನಲ್ಲಿ ಮಗಳ ಹೆಸರು ಯಾವುದು ಅಂತ ಗೊತ್ತಾಗದೆ ಪಕ್ಕದ ಮನೆ ಹುಡುಗನನ್ನು ಕರೆಯುವುದು. ಲಗ್ನಪತ್ರಿಕೆ ಬಂದರೆ ಯಾರ ಮದುವೆ, ಎಂದು, ಎಲ್ಲಿ ಅಂತ ಇನ್ನೊಬ್ಬರನ್ನು ಕೇಳುವುದು. ಒಬ್ಬ ಅಜ್ಜಿ ಮಾತ್ರ ಗಂಡನ ಸಮಾಧಿ ಕಲ್ಲಿನ ಮೇಲೆ ಏನು ಬರೆದಿದೆ ಅಂತ ತಾನೇ ಓದಬೇಕು ಅಂದರು.

ಈ ಪಟ್ಟಿಯೇ ನಿಮ್ಮ ಪಠ್ಯಪುಸ್ತಕ. ಬೇರೆ ಪುಸ್ತಕ ಆಮೇಲೆ ನೋಡೋಣ.

ಇನ್ನೆರಡು ಕೆಲಸ ಅದೇ ವಾರ ಮುಗಿಸಿ. ಒಂದು, ಜಾಗ ಮತ್ತು ಹೊತ್ತು. ಶಾಲೆಯ ಕೋಣೆ ಬೇಡ. ಸಣ್ಣ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತರೆ ಯಾರಿಗಾದರೂ ಸಂಕೋಚ ಆಗುತ್ತದೆ. ನಾವು ಮಾರಮ್ಮನ ಗುಡಿಯ ಪಕ್ಕದ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತೇವೆ. ರಾತ್ರಿ ಎಂಟೂಕಾಲಿನಿಂದ ಒಂಬತ್ತೂಕಾಲು. ಈ ಹೊತ್ತನ್ನು ಅವರೇ ಹೇಳಿದ್ದು. ಭತ್ತದ ನಾಟಿ, ರಾಗಿ ಕುಯ್ಲಿನ ದಿನಗಳಲ್ಲಿ ಕ್ಲಾಸು ಇಲ್ಲ. ರಜಾ ಅಂತ ಮೊದಲೇ ಹೇಳಿಬಿಟ್ಟರೆ ವಾಪಸ್ ಬರುತ್ತಾರೆ. ಹೇಳದೆ ಹಾಜರಿ ಕೇಳುತ್ತಾ ಕೂತರೆ ತಪ್ಪು ಮಾಡಿದೆವು ಅಂದುಕೊಂಡು ಬರುವುದನ್ನೇ ಬಿಡುತ್ತಾರೆ.

ಎರಡು, ಕಣ್ಣು. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತೇನೆ. ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತದೆ. ಹತ್ತಿರದ್ದು ಮಸುಕು. ಓದುವವರಿಗಾದರೆ ಅದು ಕೂಡಲೇ ಗೊತ್ತಾಗುತ್ತದೆ. ಯಾವತ್ತೂ ಓದದೇ ಇದ್ದವರಿಗೆ ಗೊತ್ತಾಗುವುದು ಹೇಗೆ? ಅಕ್ಷರ ಅಂದರೆ ಹೀಗೇ ಕಲಸಿಕೊಂಡು ಇರುತ್ತದೇನೋ ಅಂದುಕೊಳ್ಳುತ್ತಾರೆ. ತಲೆಗೆ ಹತ್ತುತ್ತಿಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಮ್ಮ ಗುಂಪಿನಲ್ಲಿ ಐದು ಜನರಿಗೆ ಹಾಗಾಗಿತ್ತು. ಸೂಜಿಗೆ ದಾರ ಯಾರು ಪೋಣಿಸುತ್ತಾರೆ, ಅಕ್ಕಿಯಲ್ಲಿ ಕಲ್ಲು ಯಾರು ಆರಿಸುತ್ತಾರೆ ಅಂತ ಮಾತಿನ ಮಧ್ಯೆ ಕೇಳಿ ನೋಡಿ. "ಮೊಮ್ಮಗಳು ಆರಿಸ್ತಾಳೆ" ಅಂದರೆ ಮೊದಲು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿ. ಒಬ್ಬ ಅಕ್ಕ ಕನ್ನಡಕ ಹಾಕಿಕೊಂಡು ಬಂದ ದಿನ ಸ್ಲೇಟನ್ನು ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದರು. "ಓ, ಇದ್ರೊಳಗೆ ಗೆರೆ ಬೇರೆ ಬೇರೆ ಐತೆ" ಅಂದರು. ಒಂದೂವರೆ ತಿಂಗಳಿಂದ ಕ್ಲಾಸಿಗೆ ಬರುತ್ತಿದ್ದರು ಅವರು.

ಐದು ಬೋರ್ಡಿನ ಪಾಠ

ಈಗ ಬಸ್ಸಿಗೆ ಬರೋಣ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಅದಕ್ಕೆ ಮುಂಚೆ ನಮ್ಮೂರಿನ ಎಷ್ಟೋ ಅಕ್ಕಂದಿರು ಗಂಡನೋ ಮಗನೋ ಜೊತೆಗೆ ಇದ್ದರೆ ಮಾತ್ರ ಬಸ್ಸು ಹತ್ತುತ್ತಿದ್ದರು. ಈಗ ಮಗಳ ಮನೆಗೆ, ಆಸ್ಪತ್ರೆಗೆ, ಮಾದಪ್ಪನ ಬೆಟ್ಟಕ್ಕೆ ತಾವೇ ಹೊರಟರು. ಆಗ ಬೋರ್ಡು ದೊಡ್ಡ ವಿಷಯ ಆಯಿತು. ನಮ್ಮ ಕಡೆ ಒಂದು ವಿಶೇಷ ಇದೆ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಮಂಡ್ಯಕ್ಕೆ ಹೋಗುವ ಬಸ್ಸು, ಮದ್ದೂರಿಗೆ ಹೋಗುವುದು, ಮೈಸೂರಿನದು, ಮಹದೇಶ್ವರ ಬೆಟ್ಟದ್ದು, ಎಲ್ಲ ಬರುತ್ತವೆ. ಎಲ್ಲದಕ್ಕೂ ಮೊದಲ ಅಕ್ಷರ ಮ. ಊರಿಗೆ ವಾಪಸ್ ಬರಬೇಕಾದರೆ ಹುಡುಕಬೇಕಾದದ್ದು ಮಳವಳ್ಳಿ, ಅದಕ್ಕೂ ಮ.

ಗರಗಸದ ಚಾರ್ಟನ್ನು ಸುತ್ತಿಟ್ಟು, ಐದು ರಟ್ಟಿನ ತುಂಡು ತಗೊಂಡೆ. ಬಸ್ಸಿನ ಬೋರ್ಡಿನ ಹಾಗೆ ದಪ್ಪಕ್ಷರದಲ್ಲಿ ಬರೆದೆ. ಮಂಡ್ಯ. ಮದ್ದೂರು. ಮೈಸೂರು. ಮಹದೇಶ್ವರ ಬೆಟ್ಟ. ಮಳವಳ್ಳಿ. ಗೋಡೆಗೆ ಒರಗಿಸಿ ಇಟ್ಟೆ. ಬರೆದದ್ದು ಏನು ಅಂತ ಹೇಳಿದೆ, ಅಷ್ಟೇ. ಆಮೇಲೆ ಅರ್ಧ ಗಂಟೆ ಬರೀ ಮಾತು. ಯಾರು ಎಲ್ಲಿಗೆ ಹೋಗಿದ್ದರು, ಏನಾಯಿತು. ಒಬ್ಬ ಅಕ್ಕ ಮಂಡ್ಯದಲ್ಲಿ ಮಗಳ ಬಾಣಂತನಕ್ಕೆ ಹೊರಟು ಮದ್ದೂರಿನ ಬಸ್ಸು ಹತ್ತಿದ ಕಥೆ ಹೇಳಿದರು. ಕಂಕುಳಲ್ಲಿ ತುಪ್ಪದ ಡಬ್ಬಿ, ಖಾರದ ಪುಡಿ. ಕಂಡಕ್ಟರ್ ಅರ್ಧ ದಾರಿಯಲ್ಲಿ ಇಳಿಸಿದ. ಆ ಕಥೆ ಹೇಳುವಾಗ ಇಬ್ಬರು ಮೂವರು "ನಂಗೂ ಹಂಗೇ ಆಗಿತ್ತು" ಅಂದರು. ಇಷ್ಟು ದಿನ ಒಬ್ಬೊಬ್ಬರೇ ಹೊತ್ತುಕೊಂಡಿದ್ದ ನಾಚಿಕೆ ಆವತ್ತು ಚಾಪೆಯ ಮೇಲೆ ಇಳಿಯಿತು.

ಆಮೇಲೆ ಕೇಳಿದೆ: "ಈ ಐದರಲ್ಲೂ ಒಂದೇ ಥರ ಇರೋದು ಯಾವುದು?" ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಎದ್ದು ಹೋಗಿ ಬೆರಳಿಟ್ಟು ತೋರಿಸಿದರು. "ಇದು. ಪಕ್ಕದಲ್ಲಿ ಬಾಲ ಇರೋದು." ಅದೇ ಮ. ಹಾಗಾದರೆ ಮಂಡ್ಯ ಮತ್ತು ಮದ್ದೂರಿಗೆ ಏನು ವ್ಯತ್ಯಾಸ? "ಇದ್ರಲ್ಲಿ ಮ ಆದ್ಮೇಲೆ ಸೊನ್ನೆ ಐತೆ." ಮದ್ದೂರು ಬಸ್ಸು ಹತ್ತಿದ್ದ ಅಕ್ಕನೇ ಇದನ್ನು ಹೇಳಿದ್ದು. ಆ ಸೊನ್ನೆ ಅವರನ್ನು ಇನ್ನು ಯಾವತ್ತೂ ದಾರಿ ತಪ್ಪಿಸುವುದಿಲ್ಲ.

ಆ ಐದು ಬೋರ್ಡಿನಲ್ಲಿ ಎಷ್ಟಿದೆ ಅಂತ ಮನೆಗೆ ಬಂದು ಎಣಿಸಿದೆ. ಮ, ಡ, ಯ, ದ, ರ, ಸ, ಹ, ಶ, ವ, ಬ, ಟ, ಳ. 34 ವ್ಯಂಜನದಲ್ಲಿ 12 ಅಲ್ಲೇ ಸಿಕ್ಕವು. ಜೊತೆಗೆ ಐದು ಒತ್ತು. ಇಕಾರ, ಉಕಾರ, ಊಕಾರ, ಎಕಾರ, ಏಕಾರ, ಐಕಾರ, ಒಂದು ಸೊನ್ನೆ. ಮಾರನೇ ದಿನದಿಂದ ಒಂದೊಂದೇ ಬೋರ್ಡನ್ನು ಕತ್ತರಿಯಲ್ಲಿ ಬಿಡಿಸಿದೆವು. ಒಂದು ದಿನಕ್ಕೆ ಎರಡು ಅಕ್ಷರ, ಜಾಸ್ತಿ ಬೇಡ. ಪ್ರತಿ ಅಕ್ಷರಕ್ಕೂ ಅವರ ಬಾಯಿಂದಲೇ ಪದ ಬರಬೇಕು. ಮ ಅಂದಾಗ ಮಳೆ, ಮಗ, ಮೊಳ, ಮಾವ ಎಲ್ಲ ಬಂದವು. ಎರಡನೇ ವಾರದ ಕೊನೆಗೆ ಬಿಡಿ ಅಕ್ಷರದ ತುಂಡುಗಳನ್ನು ಚಾಪೆ ಮೇಲೆ ಹರವಿ, "ಇದ್ರಲ್ಲೇ ಹೊಸದೇನಾದ್ರೂ ಜೋಡಿಸಿ" ಅಂದೆ. ಮರ, ಸರ, ಹಸು, ಬಳೆ, ಬೆಳೆ, ಹಳ್ಳಿ ಆದವು. ಒಬ್ಬ ಹುಡುಗಿ, ಊರಿಗೆ ಹೊಸದಾಗಿ ಬಂದ ಸೊಸೆ, ಮೂಲೆಯಲ್ಲಿ ಕೂತು ಏನೋ ಜೋಡಿಸುತ್ತಿದ್ದಳು. ಹೋಗಿ ನೋಡಿದರೆ 'ಮದುವೆ' ಅಂತಿತ್ತು. ನಾನು ಆ ಪದ ಕಲಿಸಿರಲಿಲ್ಲ.

ಬ್ರೆಜಿಲ್ ದೇಶದಲ್ಲಿ ಪಾಲೊ ಫ್ರೇರಿ ಅನ್ನುವ ದೊಡ್ಡ ಶಿಕ್ಷಕರು ಇದನ್ನೇ ಮಾಡಿದ್ದರು ಅಂತ ಆಮೇಲೆ ತಿಳಿಯಿತು. 1963ರಲ್ಲಿ ಆಂಜಿಕೋಸ್ ಅನ್ನುವ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಯ ಪಾಠದಲ್ಲಿ ಓದು ಬರಹ ಕಲಿಸಲು ಹೊರಟವರು. ಪುಸ್ತಕದಿಂದ ಪದ ತರಲಿಲ್ಲ. ಮೊದಲು ಆ ಜನರ ಜೊತೆ ಇದ್ದು, ಅವರ ಬಾಯಲ್ಲಿ ಓಡಾಡುವ ಪದ ಹುಡುಕಿದರು. ಅವರ ಪಾಠದಲ್ಲಿ ಹೆಸರಾದ ಒಂದು ಪದ ತಿಜೋಲೊ, ಅಂದರೆ ಇಟ್ಟಿಗೆ. ಇಟ್ಟಿಗೆಯ ಬಗ್ಗೆ, ಅದನ್ನು ಹೊರುವವರ ಬಗ್ಗೆ ಮಾತಾಡಿ, ಆಮೇಲೆ ತಿ-ಜೋ-ಲೊ ಅಂತ ಬಿಡಿಸಿ, ಒಂದೊಂದರ ಬಳಗವನ್ನೂ ಬರೆದು, ಹೊಸ ಪದ ಜೋಡಿಸಲು ಬಿಡುತ್ತಿದ್ದರು. ನಮಗೆ ಕಾಗುಣಿತ ಇದೆಯಲ್ಲ, ಅದೇ ಆ ಬಳಗ. ಮ ಮಾ ಮಿ ಮೀ ಅಂತ ನಮ್ಮ ಅಜ್ಜಂದಿರ ಕಾಲದಿಂದ ಬಂದಿದೆ. ಕಾಗುಣಿತದಲ್ಲಿ ತಪ್ಪೇನಿಲ್ಲ. ಅದಕ್ಕಿಂತ ಮುಂಚೆ ಒಂದು ಬಸ್ಸು ಬರಬೇಕು ಅಷ್ಟೇ.

ನಿಮ್ಮ ಊರಿಗೆ ಈ ಐದು ಬೋರ್ಡು ಹೊಂದದೇ ಇರಬಹುದು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಬೇರೆ ಪದ ಬೇಕು, ಕರಾವಳಿಯಲ್ಲಿ ಮೀನು ಮಾರುವವರಿಗೆ ಬೇರೆ. ನೋಟ್ ಪುಸ್ತಕದ ಪಟ್ಟಿ ನೋಡಿ, ಜಾಸ್ತಿ ಜನ ಹೇಳಿದ ತೊಂದರೆ ಯಾವುದೋ ಅದರಿಂದ ನಾಲ್ಕೈದು ಪದ ಆರಿಸಿ. ಅದರಲ್ಲಿ ಬೇರೆ ಬೇರೆ ಅಕ್ಷರ ಎಷ್ಟಿವೆ ಅಂತ ಎಣಿಸಿ. ಹತ್ತು ಹನ್ನೆರಡು ಸಿಕ್ಕರೆ ಶುರು ಮಾಡಿ.

ಹೆಸರು, ಪೆನ್ನು

ಪಾಠ ಶುರುವಾದ ಮೊದಲ ದಿನವೇ ಸಹಿಯನ್ನು ಕೊಡಿ. ಕೇಳುವುದೇ ಅದನ್ನು. ಶಾಲೆಯಲ್ಲಿ ನಾವು ಒತ್ತಕ್ಷರವನ್ನು ಕಾಗುಣಿತ ಎಲ್ಲ ಮುಗಿದ ಮೇಲೆ ಕಲಿಸುತ್ತೇವೆ, ಕಷ್ಟ ಅಂತ. ಆದರೆ ನಮ್ಮ ಕಡೆ ಅಕ್ಕಂದಿರ ಹೆಸರು ನೋಡಿ, ಹೆಚ್ಚಿನವು ಮುಗಿಯುವುದೇ 'ಮ್ಮ' ಅಂತ. ಹೀಗಾಗಿ ದೊಡ್ಡವರಿಗೆ ಒತ್ತಕ್ಷರ ಮೊದಲನೇ ದಿನವೇ ಬರುತ್ತದೆ. ಯಾರಿಗೂ ಕಷ್ಟ ಆಗಲಿಲ್ಲ. ತಮ್ಮ ಹೆಸರಿನ ಬಾಲ ಅದು. ಅದಕ್ಕೂ ಮಂಡ್ಯದ ಮ ಅಕ್ಷರಕ್ಕೂ ನಂಟು ಅಂತ ಗೊತ್ತಾದ ಮೇಲೆ ನೆನಪೂ ಗಟ್ಟಿ.

ಒಂದು ಎಚ್ಚರಿಕೆ. ಸಹಿ ಹಾಕಲು ಬಂದರೆ ಓದಲು ಬಂತು ಅಂತ ಅಲ್ಲ. ರಂಗೋಲಿಯ ಹಾಗೆ ಆ ಗೆರೆಯನ್ನು ಕೈ ಕಲಿತುಕೊಂಡಿರುತ್ತದೆ. ನಮ್ಮ ಗುಂಪಿನಲ್ಲಿ 90ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಸಹಿ ಕಲಿತವರು ಮೂವರಿದ್ದಾರೆ. "ಆಗ ಲಾಟೀನ್ ಇಟ್ಕಂಡು ಕಲ್ತಿದ್ದೆ, ಎಲ್ಲಾ ಮರ್ತೋಯ್ತು" ಅನ್ನುತ್ತಾರೆ. ಸಹಿ ಮಾತ್ರ ಉಳಿದಿದೆ. ಆದ್ದರಿಂದ ಹೆಸರು ಬರೆದ ಮೇಲೆ ಅದನ್ನೂ ಕತ್ತರಿಸಿ, ತುಂಡನ್ನು ಬೇರೆ ಪದದಲ್ಲಿ ಹುಡುಕಿಸಿ.

ಪೆನ್ನಿನ ಮಾತೂ ಹೇಳಬೇಕು. ಮಕ್ಕಳಿಗೆ ಸೀಸದಕಡ್ಡಿ, ಅಂದರೆ ಪೆನ್ಸಿಲ್ಲು. ಅದನ್ನೇ ಅಕ್ಕಂದಿರಿಗೂ ತಂದುಕೊಟ್ಟೆ. ಕುಡುಗೋಲು ಹಿಡಿದ ಕೈ ಒತ್ತುವ ಒತ್ತಿಗೆ ಮೊನೆ ಪಟಪಟ ಮುರಿಯಿತು. ಅದಕ್ಕಿಂತ ಮುಖ್ಯ, ಪೆನ್ಸಿಲ್ ಹಿಡಿದರೆ ಅವರಿಗೆ ಮಕ್ಕಳಾಟ ಅನಿಸುತ್ತದೆ. ಸ್ಲೇಟು ಬಳಪ ಪರವಾಗಿಲ್ಲ, ಒರೆಸಿದರೆ ತಪ್ಪು ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೆ ಎರಡನೇ ವಾರದಲ್ಲೇ ಒಂದು ಬಾಲ್ ಪೆನ್ನು, 100 ಪುಟದ ನೋಟ್ ಪುಸ್ತಕ ಕೊಟ್ಟುಬಿಡಿ. ಆ ಪೆನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊಲಕ್ಕೆ ಹೋಗುವುದನ್ನು ನಾನು ನೋಡಿದ್ದೇನೆ.

ಲೆಕ್ಕ ಅವರಿಗೆ ಗೊತ್ತು

ಕೂಡುವುದು ಕಳೆಯುವುದು ಕಲಿಸಲು ಹೋಗಬೇಡಿ. ಹೂ ಮಾರುವ ಅಕ್ಕನನ್ನು ಕೇಳಿದೆ: ಮೊಳಕ್ಕೆ 15 ರೂಪಾಯಿ, ಏಳು ಮೊಳಕ್ಕೆ ಎಷ್ಟು? ನಾನು ಇನ್ನೂ ಮಗ್ಗಿ ಹೇಳಿಕೊಳ್ಳುತ್ತಿದ್ದೆ, ಅವರು 105 ಅಂದರು. ಹೇಗೆ? "ಒಂದ್ ಮಾರು ಅರವತ್ತು, ಮೂರ್ ಮೊಳ ನಲವತ್ತೈದು." ನಾಲ್ಕು ಮೊಳಕ್ಕೆ ಒಂದು ಮಾರು. ನಾವು ಶಾಲೆಯಲ್ಲಿ ಗುಣಾಕಾರವನ್ನು ಬಿಡಿಸಿ ಮಾಡುವುದು ಅಂತ ಮೂರನೇ ಕ್ಲಾಸಿಗೆ ಕಲಿಸುವುದು ಅವರ ನಾಲಿಗೆ ತುದಿಯಲ್ಲಿದೆ. ಇಂಥವರ ಮುಂದೆ "2 + 3 = ?" ಅಂತ ಬರೆದರೆ ಅವಮಾನ ಮಾಡಿದ ಹಾಗೆ.

ಅವರಿಗೆ ಬೇಕಾದದ್ದು ಅಂಕಿ ಬರೆಯುವುದು, ಓದುವುದು. ಅಷ್ಟೇ. 1 2 3 ಮೊದಲು ಕಲಿಸಿ. ಕನ್ನಡದ ಅಂಕಿಗಳ ಮೇಲೆ ನನಗೆ ಪ್ರೀತಿ ಇದೆ, ಆದರೆ ಫೋನು, ನೋಟು, ಕರೆಂಟ್ ಬಿಲ್ಲು ಎಲ್ಲದರಲ್ಲೂ ಇರುವುದು 1 2 3. ಕಲಿಸುವ ಸಾಮಾನು ಅವರ ಸೊಂಟದ ಚೀಲದಲ್ಲೇ ಇದೆ. ಹತ್ತು ರೂಪಾಯಿ ನೋಟನ್ನು ಹಿಂದೆ ತಿರುಗಿಸಿ. 15 ಭಾಷೆಯ ಪಟ್ಟಿ ಇದೆ. ಮೇಲಿನಿಂದ ನಾಲ್ಕನೇ ಸಾಲು ಕನ್ನಡ: ಹತ್ತು ರೂಪಾಯಿಗಳು. ಆ ಸಾಲು ಸಣ್ಣದು, ಕನ್ನಡಕ ಬೇಕು. ಒಬ್ಬರು ಅದನ್ನು ಹುಡುಕಿ ಓದಿದ ಮೇಲೆ ಉಳಿದವರೆಲ್ಲ ಗಂಟು ಬಿಚ್ಚಿ ಇಪ್ಪತ್ತು, ಐವತ್ತು ಅಂತ ಓದತೊಡಗಿದರು.

ತಿದ್ದುವುದು

ಇದರಲ್ಲಿ ನಾನು ತಪ್ಪು ಮಾಡಿದ್ದೇನೆ. ಒಂದು ರಾತ್ರಿ ಒಬ್ಬ ಅಕ್ಕನನ್ನು ಎಬ್ಬಿಸಿ ಓದಿಸಿದೆ. ತಡವರಿಸಿದರು. "ನೆನ್ನೆ ತಾನೇ ಹೇಳಿಕೊಟ್ಟೆನಲ್ಲಾ" ಅಂದೆ. ಶಾಲೆಯಲ್ಲಿ ದಿನಕ್ಕೆ ಹತ್ತು ಸಲ ಅನ್ನುವ ಮಾತು. ಮಗುವಾದರೆ ಅರ್ಧ ನಿಮಿಷದಲ್ಲಿ ಮರೆತು ಪಕ್ಕದವನ ಜೊತೆ ಆಡುತ್ತದೆ. ಆ ಅಕ್ಕ ಮರೆಯಲಿಲ್ಲ. ಅವರ ಸೊಸೆ ಪಕ್ಕದಲ್ಲೇ ಕೂತಿದ್ದಳು. ಮೂರು ವಾರ ಬರಲಿಲ್ಲ. ಕೊನೆಗೆ ನಾನೇ ಮನೆಗೆ ಹೋಗಿ "ನಂದು ತಪ್ಪಾಯ್ತು ಅಕ್ಕ" ಅಂದೆ. ಅವರು ಏನೂ ಮಾತಾಡದೆ ಒಳಗೆ ಹೋಗಿ ಕಾಫಿ ತಂದರು. ಮಾರನೇ ದಿನ ಬಂದರು.

ಅವತ್ತಿನಿಂದ ಕೆಲವು ವಿಷಯ ಪಕ್ಕಾ ಮಾಡಿಕೊಂಡಿದ್ದೇನೆ. ಯಾರನ್ನೂ ಒಬ್ಬರೇ ನಿಲ್ಲಿಸಿ ಓದಿಸುವುದಿಲ್ಲ. ಇಬ್ಬಿಬ್ಬರು ಸೇರಿ ಓದುತ್ತಾರೆ, ಅತ್ತೆ ಸೊಸೆ ಒಂದೇ ಜೋಡಿಯಲ್ಲಿ ಇರುವುದಿಲ್ಲ. ಕೆಂಪು ಪೆನ್ನು ಇಲ್ಲ. ತಪ್ಪಾದ ಪದದ ಕೆಳಗೆ ನಾನು ಸರಿಯಾಗಿ ಬರೆದಿಡುತ್ತೇನೆ, ಹೋಲಿಸಿ ನೋಡಿಕೊಳ್ಳುತ್ತಾರೆ. ವಯಸ್ಸು ಎಷ್ಟೇ ಇರಲಿ ಎಲ್ಲರಿಗೂ ನೀವು, ತಾವು. ಮಕ್ಕಳಿಗೆ ಕೊಡುವ ನಕ್ಷತ್ರ, 'ವೆರಿ ಗುಡ್', ಚಪ್ಪಾಳೆ ಇಲ್ಲಿ ಬೇಡ. ಹೊಗಳಬೇಕಾದರೆ ಏನು ಸಾಧ್ಯವಾಯಿತು ಅಂತ ಹೇಳಿ. "ಇನ್ಮೇಲೆ ಮೈಸೂರ್ ಬಸ್ಸಿಗೆ ಯಾರನ್ನೂ ಕೇಳೋ ಹಂಗಿಲ್ಲ ನೀವು" ಅಂದರೆ ಮುಖ ಅರಳುತ್ತದೆ.

ಯಾರಾದರೂ "ನಂಗೆ ತಲೆಗ್ ಹತ್ತಲ್ಲ ಬಿಡಿ" ಅಂದರೆ ವಾದ ಮಾಡಬೇಡಿ. ಆ ಮಾತು ಎಷ್ಟೋ ವರ್ಷದ ಹಿಂದೆ ಯಾರೋ ಅವರಿಗೆ ಹೇಳಿದ್ದು. ಒಂದು ವಾರದ ಹಿಂದೆ ಅವರೇ ಬರೆದ ಹಾಳೆಯನ್ನು ಇವತ್ತಿನದರ ಪಕ್ಕ ಇಡಿ. ಸುಮ್ನೆ ಇಡಿ, ಸಾಕು.

ನಿಧಾನ ಯಾಕೆ

ಅಕ್ಷರ ಗುರುತಿಸುವುದು ಮೂರು ತಿಂಗಳಲ್ಲಿ ಬಂದುಬಿಡುತ್ತದೆ. ಆಮೇಲೆ ಒಂದು ಕಡೆ ಗಾಡಿ ನಿಂತುಬಿಡುತ್ತದೆ. ಎಷ್ಟೋ ಕ್ಲಾಸುಗಳು ಮುರಿಯುವುದು ಅಲ್ಲೇ. ಓದುತ್ತಾರೆ, ಆದರೆ ಒಂದೊಂದು ಅಕ್ಷರ ಕೂಡಿಸಿಕೊಂಡು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಏನಿತ್ತು ಅಂತ ಮರೆತಿರುತ್ತದೆ. ಓದಿಯೂ ಅರ್ಥ ಆಗುವುದಿಲ್ಲ. ಮಗುವಿಗೆ ಆ ವೇಗ ದಿನವಿಡೀ ಶಾಲೆಯಲ್ಲಿ ಕೂತು ತಾನಾಗಿ ಬರುತ್ತದೆ. ದೊಡ್ಡವರಿಗೆ ನಿಧಾನ, ಅಭ್ಯಾಸಕ್ಕೆ ಹೊತ್ತೂ ಕಮ್ಮಿ. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ತಮ್ಮ ದಡ್ಡತನ ಅಂದುಕೊಳ್ಳುತ್ತಾರೆ.

ಉಪಾಯ ಒಂದೇ. ಹೊಸದು ನಿಲ್ಲಿಸಿ, ಹಳೆಯದನ್ನೇ ಮತ್ತೆ ಮತ್ತೆ ಓದಿಸಿ. ನಾಲ್ಕು ಸಾಲು, ಅದೇ ನಾಲ್ಕು ಸಾಲು, ಒಂದು ವಾರ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ದಿನಾ ಹತ್ತು ನಿಮಿಷ ಒಳ್ಳೆಯದು. ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಪಾಠ ಲಗ್ನಪತ್ರಿಕೆ. ಊರಿನಲ್ಲಿ ಯಾರ ಮನೆಯಲ್ಲಾದರೂ ಹಳೆಯ ಪತ್ರಿಕೆ ಹತ್ತಿಪ್ಪತ್ತು ಬಿದ್ದಿರುತ್ತವೆ. ದೊಡ್ಡ ಅಕ್ಷರ. ಎಲ್ಲದರಲ್ಲೂ ಅದೇ ಮಾತು: ಮದುವೆ, ವಧು, ವರ, ಮುಹೂರ್ತ, ಸ್ಥಳ, ತಮ್ಮ ಆಗಮನಾಭಿಲಾಷಿಗಳು. ಮುಂದೆ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ಕಣ್ಣು ಓಡುತ್ತದೆ. ಗೊತ್ತಿಲ್ಲದ್ದು ಹೆಸರು ಮಾತ್ರ, ಆ ಹೆಸರಿನವರೂ ಗೊತ್ತಿರುವವರೇ. ಆಗಮನಾಭಿಲಾಷಿಗಳು ಅನ್ನುವ ಅಷ್ಟುದ್ದದ ಪದವನ್ನು ನಮ್ಮ ಅಕ್ಕಂದಿರು ಒಂದೇ ಉಸಿರಿಗೆ ಓದುತ್ತಾರೆ.

ಮೊಬೈಲ್ ಮೆಸೇಜಿನ ಬಗ್ಗೆ ಸುಳ್ಳು ಭರವಸೆ ಕೊಡಬೇಡಿ. ಗೃಹಲಕ್ಷ್ಮಿಯ 2000 ಬಂತು ಅಂತ ಬ್ಯಾಂಕಿನಿಂದ ಬರುವ ಮೆಸೇಜು ನಮ್ಮ ಅಕ್ಕಂದಿರಿಗೆ ಇಂಗ್ಲಿಷಿನಲ್ಲೇ ಬರುತ್ತದೆ. ಕನ್ನಡ ಕಲಿತರೂ ಅದು ಓದಲು ಬರುವುದಿಲ್ಲ. ಅಂಕಿ ಗುರುತಿಸುವುದು ಕಲಿಸಿ, 2000 ಎಲ್ಲಿದೆ, ತಾರೀಖು ಎಲ್ಲಿದೆ ಅಂತ ತೋರಿಸಿ. ಫೋನಿನಲ್ಲಿ ಮಗಳ, ತಮ್ಮನ ಹೆಸರನ್ನು ಕನ್ನಡದಲ್ಲಿ ಸೇವ್ ಮಾಡಿಕೊಡಿ. ಅದು ಐದು ನಿಮಿಷದ ಕೆಲಸ.

ಸರ್ಕಾರದ ಕಡೆಯಿಂದಲೂ ದಾರಿ ಇದೆ. 15 ವರ್ಷ ದಾಟಿದ, ಓದು ಬಾರದವರಿಗಾಗಿ 2022ರಿಂದ ಉಲ್ಲಾಸ್ ಅನ್ನುವ ಕಾರ್ಯಕ್ರಮ ನಡೆಯುತ್ತಿದೆ. ಸ್ವಯಂಸೇವಕರೇ ಕಲಿಸುವುದು, ಕೊನೆಗೆ ಒಂದು ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಓದು ಬರಹ ಬಲ್ಲವರು ಶೇ. 68.08, ಗಂಡಸರಲ್ಲಿ ಶೇ. 82.47. ಉಳಿದವರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಪರೀಕ್ಷೆಗೆ ಹೆಸರು ಕೊಡಿಸಿ, ಒಳ್ಳೆಯದೇ. ಆದರೆ ಪರೀಕ್ಷೆಗಾಗಿ ಕ್ಲಾಸು ನಡೆಸಬೇಡಿ. ಪರೀಕ್ಷೆ ಮುಗಿದ ದಿನ ಕ್ಲಾಸೂ ಮುಗಿದುಹೋಗುತ್ತದೆ.

ನಮ್ಮಲ್ಲಿ ಈಗ 14 ಜನ ಬರುತ್ತಾರೆ. ಸಂಘದ ಪುಸ್ತಕವನ್ನು ಸರದಿಯ ಮೇಲೆ ಅವರೇ ಬರೆಯುತ್ತಾರೆ, ನಾನು ಮುಟ್ಟುವುದಿಲ್ಲ. ಈ ವಾರ ಹಲಗೆಯ ಮೇಲಿರುವುದು ಪಹಣಿಯ ಪದಗಳು: ಸರ್ವೆ ನಂಬರು, ಎಕರೆ, ಗುಂಟೆ, ಖಾತೆ. ಹೂ ಮಾರುವ ಅಕ್ಕ ಕೇಳಿದ್ದು. ಗಂಡ ತೀರಿಕೊಂಡ ಮೇಲೆ ಜಮೀನು ಯಾರ ಹೆಸರಿನಲ್ಲಿದೆ ಅಂತ ತಾವೇ ಓದಿ ನೋಡಬೇಕಂತೆ. ನಾಳೆ ರಾತ್ರಿ ಜೆರಾಕ್ಸ್ ತರುತ್ತಾರೆ. ಅದರ ಅಕ್ಷರ ಬಹಳ ಸಣ್ಣದು. ದೊಡ್ಡದಾಗಿ ಬರೆದುಕೊಳ್ಳಲು ನಾನು ರಟ್ಟು ಕತ್ತರಿಸಿ ಇಟ್ಟಿದ್ದೇನೆ.